ಪೂರ್ತಿ ವಿಳಾಸದ ಸಹಿಗಳು

ಅಮೃತಹಳ್ಳಿ, ಬೆಂಗಳೂರು
20-8-2019, ಮಂಗಳವಾರ

ಪ್ರೀತಿಯ ತಮ್ಮ ವಾಸುವಿಗೆ,

ಅಕ್ಕನ ಆಶೀರ್ವಾದ. ಬೆನ್ನುನೋವು ಈಗ ಹೇಗಿದೆ? ಮಸ್ಕತ್ತಿನ ಆ ಬಿಸಿಲಲ್ಲಿ ಏಸಿ ಯಂತ್ರ ಒಬ್ಬನೇ ಹೊತ್ತುಕೊಂಡು ತಾರಸಿ ಹತ್ತಬೇಡ. ಇಬ್ಬರು ಹಿಡಿಯುವ ಸಾಮಾನಿಗೆ ಇನ್ನೊಬ್ಬನನ್ನು ಕೊಡಿ ಅಂತ ಬಾಯಿಬಿಟ್ಟು ಕೇಳು, ಅದು ನಿನ್ನ ಹಕ್ಕು. ನನ್ನ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿನ್ನ ಗೆಳೆಯ ದಸ್ತಗೀರ್ ರಜೆ ಮುಗಿಸಿ ಗುರುವಾರ ಅಲ್ಲಿಗೆ ಹೊರಟಿದ್ದಾನೆ, ಈ ಕಾಗದ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಿಟ್‌ಕಾಯಿನ್ ವಿಷಯ ಫೋನಿನಲ್ಲಿ ಆಡಬೇಡ ಅಂತ ನೀನೇ ಹೇಳಿದ್ದೆ. ಆಗ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಸಭೆಯಲ್ಲಿ ಶುರು ಮಾಡುವ ಹಾಗೆಯೇ ಇಲ್ಲೂ ಶುರು ಮಾಡುತ್ತೇನೆ. ನಮ್ಮ ಜನಪ್ರತಿನಿಧಿಯ ಕಚೇರಿಯವರು ಕೊಟ್ಟ ಮಾತುಗಳು ಇವು: ಸಾಹೇಬರು ನಮ್ಮನ್ನು ಅರ್ಧ ಗಂಟೆ ಕೂರಿಸಿಕೊಂಡು ಕೇಳುತ್ತಾರೆ, ಬಿಟ್‌ಕಾಯಿನ್ ಇಟ್ಟವರನ್ನು ಜೈಲಿಗೆ ಹಾಕಬೇಡಿ ಅನ್ನುವ ನಮ್ಮ ಮನವಿಯನ್ನು ದೆಹಲಿಗೆ ತಾವೇ ಮುಟ್ಟಿಸುತ್ತಾರೆ, ಮನವಿಯ ಜೊತೆಗಿರುವ ಸಹಿಗಳ ಪಟ್ಟಿ ಅವರ ಮೇಜು ಬಿಟ್ಟು ಆಚೆ ಹೋಗುವುದಿಲ್ಲ. ಕೊಡದೆ ಹೋದದ್ದು ಇವು: ಆ ಅರ್ಧ ಗಂಟೆ, ಒಂದು ಸಾಲಿನ ಉತ್ತರ, ಮತ್ತು ಆ ಪಟ್ಟಿ. ಪಟ್ಟಿ ವಾಪಸ್ ಕೊಡಿ ಅಂತ ಮೂರು ಸಲ ಹೋಗಿ ಕೇಳಿದೆ, ಮೂರು ಸಲವೂ ಇಲ್ಲ ಅಂದರು. ನೂರ ಅರವತ್ತಮೂರು ಜನರ ಹೆಸರು ಅದರಲ್ಲಿದೆ. ಆ ಜನರಿಗೆ ಏನಾದರೂ ಆದರೆ ಅದಕ್ಕೆ ಕಾರಣ ಸರ್ಕಾರ ಒಂದೇ ಅಲ್ಲ, ನಿನ್ನ ಅಕ್ಕನೂ ಹೌದು.

ಹೇಗಾಯಿತು ಅಂತ ಹೇಳುತ್ತೇನೆ, ಕೇಳು. ಕಳೆದ ವರ್ಷ ಏಪ್ರಿಲ್‌ನಲ್ಲಿ ಬಿಟ್‌ಕಾಯಿನ್ ವ್ಯವಹಾರಕ್ಕೆ ಬ್ಯಾಂಕುಗಳು ಕೈಹಾಕಬಾರದು ಅಂತ ಆದೇಶ ಬಂದು, ಬ್ಯಾಂಕ್ ನಿನ್ನ ಖಾತೆ ನಿಲ್ಲಿಸಿದಾಗ ಆರ್.ಟಿ. ನಗರದ ನಿನ್ನ ಅಂಗಡಿಯ ಬಾಗಿಲು ಎಳೆದ ದಿನ ನಾನೂ ಅಲ್ಲಿದ್ದೆ. ಕಂಪ್ಯೂಟರ್ ರಿಪೇರಿಯಿಂದ ಬದುಕು ನಡೆಸುತ್ತಿದ್ದವನು, ಹೊರದೇಶದವರಿಗೆ ಮಾಡಿಕೊಟ್ಟ ಕೆಲಸಕ್ಕೆ ಬಿಟ್‌ಕಾಯಿನ್ ತೆಗೆದುಕೊಂಡದ್ದಷ್ಟೇ ನಿನ್ನ ತಪ್ಪು. ಈ ಜುಲೈನಲ್ಲಿ ಕರಡು ಮಸೂದೆ ಹೊರಬಿತ್ತು. ಮಾರಿದರೆ ಮಾತ್ರವಲ್ಲ, ಇಟ್ಟುಕೊಂಡರೂ ಹತ್ತು ವರ್ಷದವರೆಗೆ ಜೈಲು ಅಂತ ಪೇಪರಿನಲ್ಲಿ ಓದಿದಾಗ ನನ್ನ ಮೈ ಉರಿಯಿತು. ನನಗೆ ಬಿಟ್‌ಕಾಯಿನ್ನಿನ ತಲೆಬುಡ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಆದರೆ ನಮ್ಮದೇ ಹಣಕ್ಕೆ ಅವರು ಬೀಗ ಹಾಕುವುದು ಏನು ಅಂತ ಗಾರ್ಮೆಂಟ್ಸ್ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2016ರಲ್ಲಿ ನಮ್ಮ ಪಿ.ಎಫ್. ಹಣ ನಮಗೇ ಕೊಡುವುದಿಲ್ಲ ಅಂದಾಗ ರಸ್ತೆಯಲ್ಲಿ ಕೂತವರು ನಾವು. ಆದೇಶ ವಾಪಸ್ ತೆಗೆಸಿಕೊಂಡೇ ಎದ್ದೆವು.

ಹಾಗಾಗಿ ಸಮಿತಿ ಮಾಡಿದೆವು. ಯಲಹಂಕ ಹಳೇ ಊರಿನಲ್ಲಿ ಅಕ್ಬರ್ ಪಾಷಾನ ಜೆರಾಕ್ಸ್ ಅಂಗಡಿಯ ಮಹಡಿಯೇ ನಮ್ಮ ಕಚೇರಿ. ಅವನೂ ಒಂದಿಷ್ಟು ಬಿಟ್‌ಕಾಯಿನ್ ಇಟ್ಟವನೇ. ವಕೀಲರ ಕೈಕೆಳಗೆ ಕೆಲಸ ಕಲಿಯುತ್ತಿರುವ ರೆಹಾನಾ ಅಂತ ಒಬ್ಬ ಹುಡುಗಿ ಸೇರಿದಳು, ಚಾಕುವಿನಂಥ ಬುದ್ಧಿ. ಬಾಗಲೂರಿನ ಮುನಿರಾಮಯ್ಯನವರು ನಿನಗೆ ಗೊತ್ತಲ್ಲ, ನನಗೆ ಯೂನಿಯನ್ನಿನ ಓನಾಮ ಕಲಿಸಿದವರು, ಅವರನ್ನೂ ಕರೆದೆ. ಬಂದವರೇ ಬೈದರು: "ಇದು ಜೂಜು ಕಣಮ್ಮ ಗೋಪಾಲಿ. ನಮ್ಮೂರಾಗೆ ಒಬ್ಬ ಇಂಗೇ ಕಾಯಿನ್ನು ಗೀಯಿನ್ನು ಅಂತ ಏಳ್ಬುಟ್ಟು ಹತ್ತು ಮನೆ ಗುಂಡಾಂತರ ಮಾಡಿ ಓಡೋದ. ಸರ್ಕಾರದ ಕಾನೂನೇ ಬ್ಯಾಡ ಅಂದ್ರೆ, ಇಂಗೆ ಮೋಸ ಓದಾಗ ಯಾರ್ತಾವ ಓಗಿ ಅಳ್ತೀಯ?" ಅವರ ಮಾತಿನಲ್ಲಿ ಹುರುಳಿಲ್ಲ ಅನ್ನಲಾರೆ. ಮೋಸಗಾರನನ್ನು ಹಿಡಿಯಲು ಕಾನೂನು ಬೇಕೇ ಬೇಕು. ಆದರೆ ಮೋಸ ಹೋದವನನ್ನೂ ಸುಮ್ಮನೆ ಇಟ್ಟುಕೊಂಡವನನ್ನೂ ಅದೇ ಸೆರೆಮನೆಗೆ ತಳ್ಳುವುದು ಯಾವ ನ್ಯಾಯ ಅಂತ ಕೇಳಿದೆ. ಜನರ ಜೇಬಿನೊಳಗೆ ಏನಿದೆ ಅಂತ ದಿನಾ ಇಣುಕಿ ನೋಡುವ ಅಧಿಕಾರ ಇವತ್ತು ಕೊಟ್ಟರೆ ನಾಳೆ ಅದು ಯೂನಿಯನ್ನಿನ ಚಂದಾ ಪೆಟ್ಟಿಗೆಯೊಳಕ್ಕೂ ಇಣುಕುತ್ತದೆ ಅಂದೆ. ಚಂದಾ ಪೆಟ್ಟಿಗೆ ಅಂದ ಮೇಲೆ ಮುದುಕರು "ಅದೊಂದು ಮಾತು ಸರೀಗದೆ" ಅಂತ ಕೂತರು.

ಎಡವಿದ್ದು ಇಲ್ಲಿಂದ ಮುಂದೆ. ನನಗೆ ಹೋರಾಟ ಅಂದರೆ ಸಹಿ ಸಂಗ್ರಹ. ಮೂವತ್ತು ವರ್ಷದ ಹಿಂದೆ ನಮ್ಮ ಮೊದಲ ಮನವಿ ಕೊಟ್ಟಾಗ ಅಧಿಕಾರಿಯೊಬ್ಬ ಹಾಳೆ ತಿರುವಿ ಹಾಕಿ, "ಬರೀ ಗೀಟು ಎಳ್ದಿದ್ದೀರ, ಇವರೆಲ್ಲ ಯಾವ ಸ್ಮಶಾನದೋರಮ್ಮ?" ಅಂದಿದ್ದ. ಅವತ್ತೇ ಶಪಥ ಮಾಡಿದ್ದೆವು. ಅಂದಿನಿಂದ ನಮ್ಮ ಯಾವ ಮನವಿಯಲ್ಲೂ ಪೂರ್ತಿ ವಿಳಾಸ ಇಲ್ಲದ ಸಹಿ ಇರುವುದಿಲ್ಲ. ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ಅಡ್ಡರಸ್ತೆ, ಮೊಬೈಲು. ಈ ಸಲ ಇನ್ನೊಂದು ಕಾಲಂ ನಾನೇ ಗೀಟು ಹಾಕಿ ಸೇರಿಸಿದೆ: ಬಿಟ್‌ಕಾಯಿನ್ ಯಾವ ವರ್ಷದಿಂದ ಇದೆ. ಎಷ್ಟು ವರ್ಷದಿಂದ ಇಟ್ಟುಕೊಂಡು ಬಂದ ಜನ ಇವರು ಅಂತ ತೋರಿಸಬೇಕಿತ್ತಂತೆ ನನಗೆ! ಮೂರು ವಾರ ಸಂತೆ ಸರ್ಕಲ್ಲಿನಲ್ಲಿ, ಜಕ್ಕೂರಿನಲ್ಲಿ, ಹೆಬ್ಬಾಳದಲ್ಲಿ ಮಂಡಿ ನೋವು ಮರೆತು ನಿಂತೆ. ಸಹಕಾರನಗರದ ಬ್ಯೂಟಿ ಪಾರ್ಲರ್ ನಂದಿತಾ ಪೆನ್ನು ಹಿಡಿದು ಹಿಂದೆಮುಂದೆ ನೋಡಿದಳು. "ಆಂಟಿ, ಮನೆ ಅಡ್ರೆಸ್ ಯಾಕೆ? ಸೈನ್ ಸಾಕಲ್ವಾ?" ಅಂದಳು. ನಾನು ಬಿಟ್ಟೆನೇ? "ಹೆಸರು ಬಚ್ಚಿಟ್ಕೊಂಡು ಯಾವ ಹೋರಾಟನಮ್ಮ ಮಾಡ್ತೀಯಾ? ಹೆದ್ರಿಕೊಳ್ಳೋರು ಮನೇಲಿ ಇರ್ಬೇಕು" ಅಂತ ನಾಲ್ಕು ಜನರ ಎದುರು ಅಂದುಬಿಟ್ಟೆ. ಪಾಪ, ಮುಖ ಕೆಂಪಗೆ ಮಾಡಿಕೊಂಡು ಪಿನ್‌ಕೋಡ್ ಸಮೇತ ಬರೆದಳು.

ಹೋದ ಬುಧವಾರ ನಾನೂ ಅಕ್ಬರ್ ಪಾಷಾನೂ ಜನಪ್ರತಿನಿಧಿಯ ಕಚೇರಿಗೆ ಹೋಗಿ ಮನವಿಯ ಜೊತೆ ಪಟ್ಟಿಯ ಒಂದು ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆವು. ಮೊಹರು ಬಿದ್ದ ಹಾಳೆ ಹಿಡಿದು ಫೋಟೊ ಕೂಡ ತೆಗೆಸಿಕೊಂಡೆ. ಪರೀಕ್ಷೆ ಅಂತ ಮೂರು ವಾರ ಬಾರದಿದ್ದ ರೆಹಾನಾ ಮೊನ್ನೆ ಭಾನುವಾರ ಬಂದಳು. ಹಾಳೆ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ಆಮೇಲೆ ಅಂದಳು: "ಗೋಪಾಲಕ್ಕ, ಬಿಲ್ ಪಾಸಾದ್ರೆ ಪೊಲೀಸರು ಮನೆಮನೆ ಹುಡುಕ್ಬೇಕಿತ್ತು. ಆ ಕೆಲ್ಸ ನೀವೇ ಮಾಡಿ ಮುಗ್ಸಿ, ಸೀಲ್ ಹಾಕ್ಸ್ಕೊಂಡ್ ಬಂದಿದ್ದೀರಲ್ಲ." ಅಕ್ಬರ್ ಪಾಷಾ ತಲೆ ಮೇಲೆ ಕೈ ಹೊತ್ತುಕೊಂಡು, "ಯಾ ಅಲ್ಲಾ, ಇದನ್ನ ಜೆರಾಕ್ಸ್ ಮಾಡಿದ್ದು ನಾನೇ ಕಣಕ್ಕ" ಅಂದ. ಖಾಸಗಿತನ ನಮ್ಮ ಹಕ್ಕು ಅಂತ ಮನವಿಯ ಮೊದಲ ಪುಟದಲ್ಲಿ ನಾನೇ ದಪ್ಪಕ್ಷರದಲ್ಲಿ ಬರೆಸಿದ್ದೆ. ಅದರ ಕೆಳಗೇ ನೂರ ಅರವತ್ತಮೂರು ಜನರ ಬಾಗಿಲು ತೆಗೆದಿಟ್ಟು ಬಂದಿದ್ದೆ. ಇಷ್ಟು ವರ್ಷ ಮಾಲೀಕರ ಮುಂದೆ, ಪೊಲೀಸರ ಮುಂದೆ ತಗ್ಗದ ತಲೆ ಅವತ್ತು ಆ ಹುಡುಗಿಯ ಮುಂದೆ ತಗ್ಗಿತು.

ಆ ಸಂಜೆಯೇ ಜನಪ್ರತಿನಿಧಿಯ ಕಚೇರಿಗೆ ಓಡಿದೆ, ಅದು ಭಾನುವಾರವೂ ತೆರೆದಿರುತ್ತದೆ; ನಿನ್ನೆ ಹೋದೆ, ಇವತ್ತೂ ಹೋದೆ. ಅಲ್ಲಿನ ಸಹಾಯಕ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಇನ್‌ವರ್ಡ್ ಬುಕ್ಕಲ್ಲಿ ಎಂಟ್ರಿ ಆಗಿದೆ ಮೇಡಂ, ವಾಪಸ್ ಕೊಡಕ್ಕೆ ಬರಲ್ಲ" ಅಂದ. ಇವತ್ತು ಇನ್ನೂ ಒಂದು ಮಾತು ಸೇರಿಸಿದ: "ಯಾಕ್ ಟೆನ್ಶನ್ ಮಾಡ್ಕೊತೀರ? ಲಿಸ್ಟ್ ತುಂಬ ನೀಟಾಗಿದೆ. ಟೈಪ್ ಮಾಡ್ಸಿ ಮೇಲಕ್ಕೆ ಕಳ್ಸಿ ಅಂದಿದ್ದಾರೆ." ಯಾರಿಗೆ ಮೇಲಕ್ಕೆ ಅಂದರೆ ಹೇಳಲಿಲ್ಲ. ಸಹಿ ಹಾಕಿದವರೆಲ್ಲ ಹಿಂತೆಗೆದುಕೊಳ್ಳುವ ಅರ್ಜಿ ಕೊಟ್ಟರೆ ಅಂತ ಕೇಳಿದೆ. ಕೊಡಬಹುದಂತೆ, ಒಬ್ಬೊಬ್ಬರೂ ಹೆಸರು, ವಿಳಾಸ, ಗುರುತಿನ ಚೀಟಿಯ ನಕಲು ಸಮೇತ! ಇದು ಅವರ ನ್ಯಾಯ.

ಮಸೂದೆ ಇನ್ನೂ ಕಾನೂನಾಗಿಲ್ಲ, ಆಗದೆಯೂ ಹೋಗಬಹುದು, ಸುಮ್ಮನಿರೋಣ ಅನ್ನುವವರು ಸಮಿತಿಯಲ್ಲಿದ್ದಾರೆ. ನಾನು ಒಪ್ಪಲಿಲ್ಲ. ಸಹಿ ಹಾಕಿದವರಿಗೆ ಮುಚ್ಚಿಟ್ಟರೆ ನಮಗೂ ಆ ಸಹಾಯಕನಿಗೂ ಏನು ವ್ಯತ್ಯಾಸ? ಎಲ್ಲರನ್ನೂ ಕರೆದು, ನಾನು ಎದ್ದು ನಿಂತು, ತಪ್ಪು ನನ್ನದು ಅಂತ ಹೇಳುವುದೆಂದು ತೀರ್ಮಾನವಾಗಿದೆ. ಮರುದಿನದಿಂದ ಪಟ್ಟಿ ಕೈಗೆ ಬರುವವರೆಗೆ ಆ ಕಚೇರಿಯ ಮುಂದೆ ಧರಣಿ. ಬಿಟ್‌ಕಾಯಿನ್ ಜೂಜು ಅಂತ ಈಗಲೂ ಅನ್ನುವ ಮುನಿರಾಮಯ್ಯನವರು, "ಜೂಜು ಬ್ಯಾರೆ, ಜನದ ಎಸ್ರು ಬ್ಯಾರೆ. ನಾನೂ ಬತ್ತೀನಿ ನಡಿ" ಅಂದರು. ಅವರಿಗೆ ಎಪ್ಪತ್ತೆಂಟು, ಧರಣಿಗೆ ಕೂರಲು ಮಣೆ ಒಯ್ಯಬೇಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಿನ ನಿನ್ನ ಕೋಣೆಯ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸು. ನಿನ್ನ ಮೈಗೆ, ಮನಸ್ಸಿಗೆ ಯಾವ ಕುತ್ತೂ ತಟ್ಟದಿರಲಿ ಅಂತ ಹರಸುವ

ನಿನ್ನ ಅಕ್ಕ
ಗೋಪಾಲಮ್ಮ

ವಿ.ಸೂ.: ದಸ್ತಗೀರ್ ಕೆಳಗೆ ಬೈಕಿನ ಹಾರನ್ ಹೊಡೆಯುತ್ತಿದ್ದಾನೆ, ಈ ಮಾತನ್ನು ಇನ್ನು ಮುಂದಕ್ಕೆ ತಳ್ಳುವ ಹಾಗಿಲ್ಲ. ವಾಸು, ಆ ಪಟ್ಟಿಯ ಮೊದಲ ಹೆಸರು ನಿನ್ನದು. ಸಂಘಟಕರ ಮನೆಯವರ ಸಹಿ ಮೊದಲು ಬೀಳದೆ ಊರವರನ್ನು ಕೇಳಬಾರದು ಅಂತ ನಮ್ಮಲ್ಲಿ ಪದ್ಧತಿ. ನನ್ನ ಹತ್ತಿರ ಬಿಟ್‌ಕಾಯಿನ್ ಇಲ್ಲ. ನಿನ್ನ ಹತ್ತಿರ ಇನ್ನೂ ಇದೆ ಅಂತ ನೀನು ನನ್ನೊಬ್ಬಳಿಗೇ ಹೇಳಿದ್ದೆ. ನಿನ್ನನ್ನು ಒಂದು ಮಾತು ಕೇಳದೆ ಹೆಸರು, ಅಪ್ಪನ ಹೆಸರು, ಈ ಮನೆಯ ವಿಳಾಸ, 2014ರಿಂದ ಅಂತ ಬರೆದು, ನಿನ್ನ ಸಹಿಯನ್ನೂ ನಾನೇ ಹಾಕಿದೆ. ಅಕ್ಟೋಬರಿನ ಟಿಕೆಟ್ ಈಗಲೇ ಮಾಡಿಸಬೇಡ. ಬಾ ಅಂತ ಕರೆಯಬೇಕಾದ ಬಾಯಲ್ಲಿ ಬರಬೇಡ ಅನ್ನುತ್ತಿದ್ದೇನೆ, ಕ್ಷಮಿಸು. ಸಭೆಯಲ್ಲಿ ಇದನ್ನೂ ಹೇಳಿದರೆ ನಿನ್ನ ಗುಟ್ಟು ಊರಿಗೆಲ್ಲ ತಿಳಿಯುತ್ತದೆ. ಹೇಳದಿದ್ದರೆ, ಮಿಕ್ಕವರ ಕಥೆ ಹೇಳಿ ನನ್ನ ತಮ್ಮನನ್ನು ಮಾತ್ರ ಸೆರಗಿನೊಳಗೆ ಇಟ್ಟುಕೊಂಡ ಹಾಗೆ. ಈ ಸಲ ನಿನ್ನನ್ನು ಕೇಳದೆ ಬಾಯಿ ಬಿಡುವುದಿಲ್ಲ. ಹೇಳು ಅಂತಿದ್ದರೆ ಒಂದು ಮಿಸ್ಡ್ ಕಾಲ್ ಕೊಡು, ಬೇಡ ಅಂದರೆ ಎರಡು. ಸಭೆ ಇದೇ ಭಾನುವಾರ, ಆಗಸ್ಟ್ ಇಪ್ಪತ್ತೈದು, ಬೆಳಿಗ್ಗೆ ಹತ್ತೂವರೆಗೆ.