ಹಸುಗೂಸಿನ ಹಿಡಿತ

ಭಾನುವಾರ, ಆಗಸ್ಟ್ ಹದಿನೇಳು

ಪ್ರೀತಿಯ ಕೂಸೇ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ತಾನೆ? ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯದೆ ಸುಮ್ಮನಿದ್ದದ್ದು ತಪ್ಪೇ, ಬೈದುಕೋ. ಇಲ್ಲಿ ಒಂದು ಸಂಗತಿ ನಡೆಯುತ್ತಿತ್ತು. ಅದರ ತುದಿ ಕಾಣಲಿ, ಆಮೇಲೆ ಬರೆಯೋಣ ಎಂದು ಕಾದೆ.

ನಿವೃತ್ತಿಯಾದರೂ ಆಸ್ಪತ್ರೆ ನನ್ನನ್ನು ಬಿಟ್ಟಿಲ್ಲ. ವಾರಕ್ಕೆರಡು ದಿನ ಹೆರಿಗೆ ವಾರ್ಡಿನಲ್ಲಿ ತರಬೇತಿಗೆ ಬಂದ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಕೂಸನ್ನು ಒರೆಸುವುದು, ಹೊಕ್ಕುಳಬಳ್ಳಿ ಕಟ್ಟುವುದು, ತಾಯಿಯ ಎದೆಗೆ ಹಾಕುವುದು, ಇಂಥದ್ದೇ. ಮಂಡಿ ನೋವು ಇದ್ದೇ ಇದೆ. ಆದರೆ ವಾರ್ಡಿನ ಬಾಗಿಲು ದಾಟಿದೆನೆಂದರೆ ಅದರ ಗೊಡವೆಯೇ ಇರುವುದಿಲ್ಲ.

ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಮೂರು ವಾರ ಮೊದಲೇ ಒಂದು ಗಂಡುಕೂಸು ಹುಟ್ಟಿತು. ಹೆಗಲು, ಬೆನ್ನ ಮೇಲೆಲ್ಲ ನವಿರಾದ ಕೂದಲು. ಹುಡುಗಿಯೊಬ್ಬಳು ಅದರ ಅಂಗೈಗೆ ಬೆರಳಿಟ್ಟಳು. ಅದು ಗಪ್ಪನೆ ಹಿಡಿಯಿತು. ಬಿಡಿಸಿಕೊಳ್ಳಲು ಹೋದರೆ ಇನ್ನೂ ಬಿಗಿ. "ಸಿಸ್ಟರ್, ಇನ್ನೂ ಕಣ್ಣೇ ಬಿಟ್ಟಿಲ್ಲ. ಹಿಡ್ಕೊಳ್ಳೋದನ್ನ ಯಾರು ಕಲಿಸಿದ್ರು ಇದಕ್ಕೆ?" ಎಂದಳು.

ಮೂವತ್ತಾರು ವರ್ಷ ಈ ಪ್ರಶ್ನೆಗೆ ನನ್ನದು ಒಂದೇ ಉತ್ತರ: ದೇವರು ಕಲಿಸಿ ಕಳಿಸಿದ್ದಾನೆ. ಅಂದೂ ಅದನ್ನೇ ಅಂದೆ. ಆದರೆ ಬಾಯಿ ಅಲ್ಲಿಗೆ ನಿಲ್ಲಲಿಲ್ಲ. "ನನ್ನ ಮಗಳು ಜೀವಶಾಸ್ತ್ರದ ಟೀಚರ್. ಅವಳು ಬೇರೆ ಹೇಳ್ತಾಳೆ. ಲಕ್ಷಾಂತರ ವರ್ಷದ ಹಿಂದೆ ನಮ್ಮ ಪೂರ್ವಿಕರ ಮೈತುಂಬ ಕೂದಲಿತ್ತಂತೆ. ತಾಯಿ ಮರ ಹತ್ತುವಾಗ ಕೂಸು ಅವಳ ಕೂದಲು ಹಿಡ್ಕೊಂಡು ನೇತಾಡ್ತಿತ್ತಂತೆ. ಕೈ ಬಿಟ್ಟ ಕೂಸು ಬಿತ್ತು, ಹಿಡಿದದ್ದು ಉಳೀತು. ಉಳಿದವರ ಮಕ್ಕಳೇ ನಾವು" ಎಂದುಬಿಟ್ಟೆ. ಹುಡುಗಿಯರು ಕಣ್ಣರಳಿಸಿ ಕೇಳಿದರು.

ಅವರಲ್ಲೊಬ್ಬಳು ನಮ್ಮ ಪ್ರಾರ್ಥನಾ ಮಂದಿರದ ಕಾರ್ಯದರ್ಶಿಯ ಮಗಳು. ಎರಡೇ ದಿನಕ್ಕೆ ಕಾರ್ಯದರ್ಶಿ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ನಿಮ್ಮಪ್ಪನ ಮುಖ ನೋಡದೆ ಶುರುಮಾಡಿದರು: "ನೀವು ವಾರವಾರ ವೇದಿಕೆ ಮೇಲೆ ನಿಂತು, ದೇವರು ಮನುಷ್ಯನನ್ನ ಕೈಯಾರೆ ಮಾಡಿದ ಅಂತೀರಿ. ನಿಮ್ಮ ಮನೆಯವರು ಕೋತಿಯಿಂದ ಬಂದ್ವಿ ಅಂತಾರೆ. ಜನ ಯಾರ ಮಾತು ನಂಬಬೇಕು? ತಪ್ಪಾಯ್ತು ಅಂತ ಅವರು ಒಂದು ಮಾತು ಹೇಳಲಿ, ಮುಗೀತು. ಇಲ್ಲಾಂದ್ರೆ ಪ್ರವಚನಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹನ್ನೊಂದು ವರ್ಷದ ಹಿಂದೆ, ಇದೇ ವಿಷಯಕ್ಕೆ "ಕೋತಿ ವಂಶದವರಿಗೆ ಈ ಮನೇಲಿ ಊಟ ಇಲ್ಲ" ಎಂದು ನಿನ್ನ ತಟ್ಟೆ ಎಳೆದವರಲ್ಲವೆ ನಿಮ್ಮಪ್ಪ? ನೀನು ಅರ್ಧ ಊಟದಲ್ಲೇ ಎದ್ದೆ. ಅಂದಿನಿಂದ ಅಪ್ಪ-ಮಗಳ ನಡುವೆ ಒಂದು "ಚೆನ್ನಾಗಿದ್ದೀರಾ", ಒಂದು "ಹೂಂ". ಅಷ್ಟೇ.

ನಿಮ್ಮಪ್ಪ ಕನ್ನಡಕ ತೆಗೆದು ಒರೆಸಿದರು. "ಅವಳು ಸಾವಿರಾರು ಕೂಸುಗಳನ್ನ ಕೈಯಲ್ಲಿ ಹಿಡಿದವಳು. ನಾನು ಓದಿ ಹೇಳೋನು. ತಪ್ಪಾಯ್ತು ಅನ್ನು ಅಂತ ಅವಳಿಗೆ ಹೇಳೋಕೆ ನನಗೆ ಬಾಯಿ ಬರಲ್ಲ. ನೀವು ಬೇರೆಯವರನ್ನೇ ನೋಡ್ಕೊಳ್ಳಿ" ಎಂದರು. ಕೂಸೇ, ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಕಾರ್ಯದರ್ಶಿ ಗೇಟು ದಾಟುತ್ತಲೇ ನಿಮ್ಮಪ್ಪ ನನ್ನ ಮೇಲೆ ಗುಡುಗಿದರು: "ನೀನು ಹೇಳಿದ್ದನ್ನ ಒಪ್ಪಿದೆ ಅಂತ ತಿಳ್ಕೋಬೇಡ!" ಅರ್ಧ ಗಂಟೆ ಬಿಟ್ಟು, "ಅವಳ ಆ ಪುಸ್ತಕ ಎಲ್ಲಿದೆ?"

ನಿನ್ನ ಕಾಲೇಜಿನ ಪಠ್ಯಪುಸ್ತಕ ಬೀರುವಿನ ಮೇಲಿತ್ತು. ಪೆನ್ಸಿಲ್ ಹಿಡಿದು ಆರು ವಾರ ಓದಿದರು. ಪುಟಪುಟದ ಅಂಚಿಗೂ "ಯಾರು ನೋಡಿದವರು?" ಎಂದು ಬರೆದಿದ್ದಾರೆ. ಹಕ್ಕಿಗಳ ಕೊಕ್ಕಿನ ಚಿತ್ರದ ಪಕ್ಕ ಮಾತ್ರ "ಇದ್ದರೂ ಇದ್ದೀತು" ಎಂದಿದೆ. ನಿನ್ನೆ ಸಂಜೆ ಪುಸ್ತಕ ಮುಚ್ಚಿ, "ದೇವರು ಇಷ್ಟೊಂದು ನಿಧಾನಸ್ಥ ಅಂತ ನನಗೆ ಗೊತ್ತಿರಲಿಲ್ಲ" ಎಂದು ತಾವೇ ನಕ್ಕರು.

"ಹಾಗಾದ್ರೆ ಒಪ್ಪಿದ್ರಾ?" ಎಂದೆ.

"ಎಲ್ಲಿ ಒಪ್ಪಿದೆ? ಇನ್ನೂ ಒಂಬತ್ತು ಪ್ರಶ್ನೆ ಇದೆ. ಅವಳಿಗೆ ಬರಹೇಳು."

ಮಂದಿರದಲ್ಲಿ ಈಗ ಬೇರೊಬ್ಬರು ಪ್ರವಚನ ಮಾಡುತ್ತಾರೆ. ನಿಮ್ಮಪ್ಪ ಹಿಂದಿನ ಬೆಂಚಿನಲ್ಲಿ ಕೂತು ಅವರ ತಪ್ಪು ಹುಡುಕುತ್ತಾರೆ. ಆರೋಗ್ಯಕ್ಕೆ ಒಳ್ಳೆಯದೇ ಆಗಿದೆ, ಚೆನ್ನಾಗಿ ನಿದ್ದೆ ಬರುತ್ತಿದೆ. ಇನ್ನು ನನ್ನ ವಿಷಯ. ಕೂಸು ಮೊದಲ ಸಲ ಅತ್ತಾಗ ಈಗಲೂ ದೇವರೇ ಎನ್ನುತ್ತೇನೆ. ಅದು ಬೆರಳು ಹಿಡಿದಾಗ ಆ ಹಳೆಯ ತಾಯಿಯೂ ನೆನಪಾಗುತ್ತಾಳೆ. ಇಬ್ಬರಿಗೂ ನನ್ನ ಮನಸ್ಸಿನಲ್ಲಿ ಜಾಗ ಸಾಲದೇ ಹೋಗಿಲ್ಲ.

ರಜೆಗೆ ಮೂವರೂ ಬನ್ನಿ. ಅಳಿಯಂದಿರಿಗೂ ಮರಿಗೂ ನನ್ನ ಆಶೀರ್ವಾದ. ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ.

ನಿನ್ನ
ಅಮ್ಮ

ತಾ.ಕ.: ಮಡಿಸಿದ ಕಾಗದ ಮತ್ತೆ ಬಿಡಿಸಿದ್ದೇನೆ. ಮರಿ ಹುಟ್ಟಿದಾಗ ನಾನು ಬರಲಿಲ್ಲ. ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ ಎಂದೆ. ನೀನು ನಂಬಿದೆ, ಇಲ್ಲವೆ ನಂಬಿದ ಹಾಗೆ ಮಾಡಿದೆ. ರಜೆ ಸಿಕ್ಕಿತ್ತು. ಬಸ್ಸಿನ ಟಿಕೆಟ್ಟೂ ಕೈಯಲ್ಲಿತ್ತು. ನಿಮ್ಮಪ್ಪ ತಡೆಯಲೂ ಇಲ್ಲ, "ನಿನ್ನಿಷ್ಟ" ಎಂದು ಮುಖ ತಿರುಗಿಸಿದರು. ಅಷ್ಟಕ್ಕೇ ನಾನು ಚೀಲ ಕೆಳಗಿಟ್ಟೆ. ಆ ದಿನ ವಾರ್ಡಿಗೆ ಹೋಗಿ ಯಾರು ಯಾರದೋ ಮೂರು ಕೂಸುಗಳನ್ನು ಎತ್ತಿಕೊಂಡೆ. ನನ್ನ ಮೊಮ್ಮಗಳನ್ನು ಮೊದಲು ಎತ್ತಿಕೊಂಡವರು ಯಾರು ಎಂದು ನಾನು ಇದುವರೆಗೂ ನಿನ್ನನ್ನು ಕೇಳಿಲ್ಲ. ಕೇಳುವ ಮುಖವಿರಲಿಲ್ಲ. ಬಂದಾಗ ಹೇಳು.