ಹುಳಿ ಸೌತೆಯ ಜಾಡಿ

ಕಾರ್ಲ್ ಮಾರ್ಕ್ಸ್ ನಗರ, ಪೂರ್ವ ಜರ್ಮನಿ
ಭಾನುವಾರ, ೨೭ ನವೆಂಬರ್ ೧೯೮೮

ಪೂಜ್ಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಚಳಿ ಬಿತ್ತೆಂದರೆ ಅಟ್ಟದ ಏಣಿ ಹತ್ತಲಾಗುವುದಿಲ್ಲ ಎಂದು ಹೋದ ವರ್ಷ ಬರೆದಿದ್ದಿರಿ. ಪೆಟ್ಟಿಗೆಯಲ್ಲಿ ಸಕ್ಕರೆ, ಸಾಬೂನಿನ ಜೊತೆ ಕಳಿಸಿದ ಮುಲಾಮು ಸಿಕ್ಕಿತೇ? ರಾತ್ರಿ ಹಚ್ಚಿ ಬಟ್ಟೆ ಸುತ್ತಿಕೊಳ್ಳಿ. ಮಾವನವರ ಕೆಮ್ಮಿಗೆ ಇಲ್ಲಿಯ ಗುಳಿಗೆ ಇಟ್ಟಿದ್ದೇನೆ, ಬಿಸಿನೀರಿನಲ್ಲಿ ಕೊಡಿ. ಬೊಂಗ್ ಹೇಗಿದ್ದಾಳೆ? ಮುಂದಿನ ಹಲ್ಲು ಬಿದ್ದಿರಬೇಕು ಈಗ. ನಿಮ್ಮ ಮೊಮ್ಮಗಳು ನನ್ನ ಮಗಳೂ ಹೌದು ಎಂಬುದನ್ನು ನೀವು ಮರೆಯುತ್ತೀರಿ, ಅದಕ್ಕೇ ಪ್ರತಿ ಪತ್ರದಲ್ಲೂ ಕೇಳುತ್ತೇನೆ.

ಈ ಪತ್ರವನ್ನು ಅಂಚೆಗೆ ಹಾಕದೆ, ರಜೆಗೆ ಊರಿಗೆ ಹೊರಟ ಲಿಯೆನ್ ಅಕ್ಕನ ಕೈಯಲ್ಲಿ ಕೊಡುತ್ತಿದ್ದೇನೆ. ನೀವೊಬ್ಬರೇ ಇದ್ದಾಗ ಓದಿ. ಮಗಳು, ಸೊಸೆ ಇಬ್ಬರೂ ಯುರೋಪಿನಲ್ಲಿದ್ದಾರೆ ಎಂದು ನೆರೆಮನೆಯವರನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದುವ ಅಭ್ಯಾಸ ನಿಮಗಿದೆಯಲ್ಲ, ಈ ಸಲ ಅದು ಬೇಡ. ಮಾವನವರಿಗೂ ತೋರಿಸಬೇಡಿ.

ಇಲ್ಲಿ ಹಿಮ ಬಿದ್ದಿದೆ. ಕ್ರಿಸ್ಮಸ್ಸಿಗೆ ಇನ್ನು ನಾಲ್ಕು ಭಾನುವಾರ ಎಂದು ಇವರು ಹಸಿರು ಸೊಪ್ಪಿನ ಬಳೆ ಕಟ್ಟಿ, ಅದರಲ್ಲಿ ನಾಲ್ಕು ಮೇಣದಬತ್ತಿ ಸಿಕ್ಕಿಸಿ ಇವತ್ತು ಮೊದಲನೆಯದನ್ನು ಹಚ್ಚಿದ್ದಾರೆ. ಭಾನುವಾರ ಸದ್ದು ಮಾಡುವ ಹಾಗಿಲ್ಲ. ಹೊಲಿಗೆ ಯಂತ್ರ ತುಳಿದರೆ ಕೆಳಗಿನವರು ಕೋಲಿನಿಂದ ತಮ್ಮ ಚಾವಣಿ ಕುಟ್ಟುತ್ತಾರೆ. ಅದಕ್ಕೇ ಭಾನುವಾರ ಬಂದರೆ ನಾವು ಪತ್ರ ಬರೆಯುತ್ತೇವೆ, ಇಲ್ಲವೇ ಅಳುತ್ತೇವೆ. ಎರಡಕ್ಕೂ ಸದ್ದಿಲ್ಲ. ಇವರ ಮನೆಯಲ್ಲಿ ರಾತ್ರಿ ಒಲೆಯನ್ನೇ ಹಚ್ಚುವುದಿಲ್ಲ ಎಂದರೆ ನೀವು ನಂಬುವುದಿಲ್ಲ. ತಣ್ಣನೆ ರೊಟ್ಟಿ, ಅದರ ಮೇಲೆ ತಣ್ಣನೆ ಮಾಂಸದ ಹೋಳು, ಮುಗಿಯಿತು ಊಟ. ನಾವು ಅನ್ನಕ್ಕಿಟ್ಟು ಬೆಳ್ಳುಳ್ಳಿ ಬಾಡಿಸಿದರೆ ಹಾಸ್ಟೆಲಿನ ಮೇಲ್ವಿಚಾರಕ ಮೂಗು ಮುಚ್ಚಿಕೊಂಡು ಮೂರು ಮಹಡಿ ಹತ್ತಿ ಬರುತ್ತಾನೆ. ಇನ್ನೊಂದು ಹುಚ್ಚು ಕಿಟಕಿಯದು. ಹೊರಗೆ ನೀರು ಕಲ್ಲಾಗಿರುವಾಗಲೂ ಬೆಳಿಗ್ಗೆ ಎದ್ದು ಕಿಟಕಿಗಳನ್ನೆಲ್ಲ ತೆರೆದಿಟ್ಟು ಒಳ್ಳೆಯ ಗಾಳಿ ಬರಲಿ ಎನ್ನುತ್ತಾರೆ. ಸೆಪ್ಟೆಂಬರ್‌ನಿಂದ ನಮ್ಮ ನ್ಯಾನ್‌ಗೂ ಈ ಅಭ್ಯಾಸ ಹತ್ತಿತು. ನಾನು ಪಾತ್ರೆಯ ಮುಚ್ಚಳ ತೆಗೆದೆನೆಂದರೆ ಅವಳು ಓಡಿ ಹೋಗಿ ಕಿಟಕಿ ತೆಗೆದು ತಲೆ ಆಚೆ ಹಾಕುತ್ತಿದ್ದಳು. ಜರ್ಮನ್ ಆಗಿಬಿಟ್ಟಳು ನಿಮ್ಮ ಮಗಳು ಎಂದು ನಾನು ನಗುತ್ತಿದ್ದೆ.

ಹುಳಿಯ ವಿಷಯಕ್ಕೆ ಬರುತ್ತೇನೆ. ಎಲ್ಲಾ ಶುರುವಾಗಿದ್ದು ಅದರಿಂದಲೇ. ಇಲ್ಲಿ ಹುಣಸೆ ಸಿಗುವುದಿಲ್ಲ, ಸಾಸಿವೆ ಸೊಪ್ಪು ಸಿಗುವುದಿಲ್ಲ. ನೀವು ಜಾಡಿಯಲ್ಲಿ ಹಾಕಿಡುವ ಹುಳಿಸೊಪ್ಪಿನ ವಾಸನೆ ನೆನೆದು ನಾನು ಕೆಲಸದ ನಡುವೆ ಬಾಯಲ್ಲಿ ನೀರೂರಿಸಿಕೊಂಡಿದ್ದೇನೆ, ನಿಮ್ಮ ಕೈಯಡುಗೆಯ ಮೇಲೆ ನನಗೆ ಕೋಪವಿಲ್ಲ. ಆದರೆ ಇಲ್ಲಿ ಸೌತೆಕಾಯಿಯನ್ನು ಉಪ್ಪು, ವಿನೆಗರ್ ನೀರಿನಲ್ಲಿ ಮುಳುಗಿಸಿದ ಗಾಜಿನ ಜಾಡಿ ಬೇಕಾದಷ್ಟು ಸಿಗುತ್ತದೆ. ಕಟುಕನ ಹತ್ತಿರ ಹಂದಿಯ ಎಲುಬು ಕೇಳಿದರೆ ನಾಯಿಗಾ ಎನ್ನುತ್ತಾನೆ, ಹೂಂ ಎಂದು ತರುತ್ತೇನೆ. ಎಲುಬಿನ ಸಾರಿಗೆ ಆ ಜಾಡಿಯ ಹುಳಿನೀರು ಸುರಿದರೆ ನಮ್ಮೂರಿನ ಹುಳಿಸಾರಿನ ಅಣ್ಣನಲ್ಲದಿದ್ದರೂ ದೂರದ ದಾಯಾದಿ ಆಗುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಸೌತೆ ಕಚ್ಚಿ, ಜಾಡಿ ಎತ್ತಿ ನೀರನ್ನೂ ಕುಡಿಯುತ್ತಿದ್ದೆ.

ನಮ್ಮ ಕಾಲುಚೀಲದ ಕಾರ್ಖಾನೆಯ ಹೆಂಗಸರಿಗೆ ಇದು ದೊಡ್ಡ ತಮಾಷೆಯಾಯಿತು. ಹುಳಿ ಸೌತೆಗೆ ಬಾಯಿಬಿಡುವವಳು ಬಸುರಿ ಎಂದು ಇವರಲ್ಲಿ ಮಾತು. ನಮ್ಮ ಸಾಲಿನ ಹಿರಿಯಳು ಗೆರ್ಲಿಂಡ್ ಎಲ್ಲರೆದುರು ನನ್ನ ಹೊಟ್ಟೆ ತಟ್ಟಿ ಹುಡುಗನೋ ಹುಡುಗಿಯೋ ಎಂದು ಕೇಳಿದಳು, ಯಂತ್ರಗಳ ಸದ್ದನ್ನೂ ಮೀರಿ ನಗು ಎದ್ದಿತು. ಒಳ್ಳೆಯ ಹೆಂಗಸು, ಕೆಟ್ಟ ಮನಸ್ಸಿಲ್ಲ. ನನ್ನನ್ನೇ ಒಮ್ಮೊಮ್ಮೆ ನ್ಯಾನ್ ಎಂದು ಕರೆಯುತ್ತಾಳೆ, ನ್ಯಾನ್‌ಳನ್ನು ಥೊವಾ ಎನ್ನುತ್ತಾಳೆ, ಅಷ್ಟೇ. ಇದನ್ನು ಆಗಸ್ಟಿನ ಪತ್ರದಲ್ಲಿ ನಾನೇ ನಗುತ್ತಾ ನಿಮಗೆ ಬರೆದೆ. ನೀವೂ ನಗುತ್ತೀರಿ ಅಂದುಕೊಂಡೆ. ಎಂಟು ವರ್ಷ ನಿಮ್ಮ ಮನೆಯಲ್ಲಿ ಪಾತ್ರೆ ತೊಳೆದವಳಿಗೆ ಅಷ್ಟು ತಿಳಿಯಬೇಕಿತ್ತು.

ಅಕ್ಟೋಬರ್ ಕೊನೆಗೆ ಪಕ್ಕದೂರಿನ ಲೋಕ್ ರಜೆ ಮುಗಿಸಿ ಬಂದ. ನೀವು ಕೊಟ್ಟ ಒಣಸೀಗಡಿ, ಚಹಾಪುಡಿ ನಮಗೆ ಕೊಟ್ಟ. ನೀವು ಕಳಿಸಿದ ಮಾತನ್ನು ಮಾತ್ರ ನಮಗೆ ಕೊಡದೆ ನೇರವಾಗಿ ಗುಂಪಿನ ನಾಯಕ ದ್ವಾನ್ ಅಣ್ಣನಿಗೆ ಒಪ್ಪಿಸಿದ. ದ್ವಾನ್ ಅಣ್ಣ ನನ್ನನ್ನು ಕರೆಸಿ ಅದನ್ನು ಒಂದಕ್ಷರ ಬಿಡದೆ ಹೇಳಿದರು. ಮರೆತಿದ್ದರೆ ನೆನಪಿಸುತ್ತೇನೆ, ನಿಮ್ಮದೇ ಮಾತು: "ನನ್ನ ಮಗ ಸತ್ತು ನಾಲ್ಕು ವರ್ಷ ಆಗಿಲ್ಲ, ಅವಳಿಗೆ ಹುಳಿ ಬೇಕಾಯ್ತಾ? ಪರೀಕ್ಷೆ ಮಾಡಿಸು. ಇದ್ರೆ ಅಲ್ಲೇ ತೆಗೆಸು. ಹೊಟ್ಟೆ ಹೊತ್ತವಳು ನನ್ನ ಹೊಸ್ತಿಲು ತುಳೀಬಾರದು."

ಲೋಕ್ ಒಳ್ಳೆಯ ಹುಡುಗ, ನನ್ನ ಮುಖ ನೋಡಲಾರದೆ ಎರಡು ವಾರ ತಪ್ಪಿಸಿಕೊಂಡು ತಿರುಗಿದ. ಬೊಂಗ್ ಹೇಗಿದ್ದಾಳೆ ಎಂದು ಬಸ್ಸಿನ ನಿಲ್ದಾಣದಲ್ಲಿ ಹಿಡಿದು ನಿಲ್ಲಿಸಿದಾಗ ಹೇಳಿದ. ಅವಳ ತಲೆಗೆ ಸೂತಕದ ಬಿಳಿ ಬಟ್ಟೆ ಕಟ್ಟಿದ್ದೀರಂತೆ. ಪೂಜೆಯ ಪೀಠದ ಮೇಲೆ ನಿಮ್ಮ ಮಗ ಖಾಯ್ ಫೋಟೋ ಪಕ್ಕದಲ್ಲಿ ನನ್ನ ಫೋಟೋ ಇಟ್ಟಿದ್ದೀರಂತೆ. ಮಗು ಎರಡಕ್ಕೂ ಊದುಬತ್ತಿ ಹಚ್ಚಿ, "ನಮ್ಮಮ್ಮ ಜರ್ಮನಿಯಲ್ಲಿ ಸತ್ತೋದ್ಲು" ಎಂದು ಬಂದವನಿಗೆ ಹೇಳಿತಂತೆ. ಪರೀಕ್ಷೆಯ ಫಲ ಬರುವವರೆಗಾದರೂ ಕಾಯಬಹುದಿತ್ತು, ಅತ್ತೆ. ನಾನು ಬದುಕಿದ್ದೇನೆ. ಬದುಕಿದ್ದೇನೆ ಎಂದು ನನ್ನ ಮಗಳಿಗೆ ತಿಳಿಸಲು ನನಗೆ ನಿಮ್ಮ ಬಾಯಿ ಬಿಟ್ಟರೆ ಬೇರೆ ದಾರಿ ಇಲ್ಲ ಎಂಬುದೂ ನಿಮಗೆ ಗೊತ್ತು.

ದ್ವಾನ್ ಅಣ್ಣ ಹಿರಿಯರ ಮಾತು ಮೀರುವವರಲ್ಲ. ಆದರೆ ನನ್ನೊಬ್ಬಳನ್ನೇ ಪರೀಕ್ಷೆಗೆ ಕರೆದರೆ ಯುದ್ಧದಲ್ಲಿ ಮಡಿದವನ ಹೆಂಡತಿಗೆ ಅವಮಾನವಾಗುತ್ತದೆ ಎಂದು ಯೋಚಿಸಿದರು. ನನ್ನ ಮರ್ಯಾದೆ ಕಾಪಾಡಲಿಕ್ಕೆಂದೇ ಮೂರನೇ ಮಹಡಿಯ ಹೆಂಗಸರೆಲ್ಲರಿಗೂ ಪರೀಕ್ಷೆ ಎಂದು ಫಲಕದಲ್ಲಿ ಹಾಕಿಸಿದರು. ಕರಾರಿನ ನಿಯಮ ನಿಮಗೆ ಗೊತ್ತಿದೆ, ನಾವು ಹನೋಯಿಯಲ್ಲಿ ಸಹಿ ಹಾಕುವಾಗ ನೀವೂ ಪಕ್ಕದಲ್ಲಿ ಕೂತಿದ್ದಿರಿ. ಬಸುರಾದರೆ ತೆಗೆಸಬೇಕು, ಇಲ್ಲವೇ ಮುಂದಿನ ವಿಮಾನಕ್ಕೆ ಊರಿಗೆ.

ಫಲಕ ನೋಡಿದ ಸಂಜೆ ನ್ಯಾನ್ ನನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಹೊಟ್ಟೆಯಲ್ಲಿರುವುದು ಎರಕದ ಕಾರ್ಖಾನೆಯ ವಿನ್ ಎಂಬ ಹುಡುಗನದ್ದು. ಕರಾರು ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತಂತೆ. ನನಗೆ ಆಗ ಕಿಟಕಿಯ ಅಭ್ಯಾಸ ಅರ್ಥವಾಯಿತು. ಹುಳಿ ತಿಂದವಳ ಹೊಟ್ಟೆ ಖಾಲಿ, ಹುಳಿಯ ವಾಸನೆಗೆ ಓಕರಿಸಿದವಳ ಹೊಟ್ಟೆ ತುಂಬಿತ್ತು. ನಿಮ್ಮ ಮಗಳು ನನ್ನ ಕೈ ಹಿಡಿದು ಹೇಳಿದಳು: "ಅತ್ತಿಗೆ, ನನ್ನ ಗುರುತುಚೀಟಿ ಹಿಡ್ಕೊಂಡು ನೀವೇ ಎರಡು ಸಲ ಒಳಗೆ ಹೋಗಿ ಬನ್ನಿ. ಇವರಿಗೆ ನಾವೆಲ್ಲ ಒಂದೇ ಮುಖ."

ನಾನು ಒಪ್ಪಿದೆ. ಸುಳ್ಳಲ್ಲ. ಅವಳ ಹಣೆ ಥೇಟು ಖಾಯ್‌ದು, ನಿಮಗೂ ಗೊತ್ತು, ಅದನ್ನು ನೋಡಿ ಇಲ್ಲ ಎನ್ನಲಾಗಲಿಲ್ಲ. ಅವಳ ಹಾಗೆ ಕೂದಲು ಕಟ್ಟಿಕೊಂಡೆ, ಅವಳ ನೀಲಿ ಉಣ್ಣೆಯಂಗಿ ಹಾಕಿಕೊಂಡೆ. ಮೊದಲು ಅವಳ ಹೆಸರು ಬಂತು. ಚೀಟಿ ನೋಡಿದ ದಾದಿ ನನ್ನ ಮುಖವನ್ನೂ ನೋಡಿ, ಸರಿ ಎಂದು ಬಾಗಿಲು ತೋರಿಸಿದಳು. ಆ ಬಾಗಿಲಲ್ಲಿ ದ್ವಾನ್ ಅಣ್ಣ ನಿಂತಿದ್ದರು. ನಮ್ಮ ಮನೆಯ ಹೆಂಗಸರನ್ನು ತಾವೇ ಖುದ್ದಾಗಿ ನೋಡಿಕೊಳ್ಳುವುದಾಗಿ ನಿಮಗೆ ಮಾತು ಕೊಟ್ಟಿದ್ದರಂತೆ. ಜರ್ಮನರಿಗೆ ನಮ್ಮ ಮುಖ ಒಂದೇ ಇರಬಹುದು, ನಮ್ಮೂರಿನವರಿಗೆ ಹೇಗೆ ಒಂದಾಗುತ್ತದೆ? ಚೀಟಿ ಕಿತ್ತುಕೊಂಡು ಸಾಲಿನ ಕೊನೆಯಲ್ಲಿ ನಿಂತಿದ್ದ ನ್ಯಾನ್‌ಳ ಕೈಗೆ ಕೊಟ್ಟು, ಅವಳನ್ನು ಒಳಗೆ ಕಳಿಸಿದರು.

ಆಮೇಲೆ ಏನಾಯಿತು ಎಂದು ನಿಧಾನವಾಗಿ ಓದಿ. ಅವಳು ತೆಗೆಸುವುದಿಲ್ಲ ಎಂದಳು. ವಿಮಾನ ಹತ್ತುತ್ತೇನೆ ಎಂದಳು. ಕೋಣೆಗೆ ಬಂದು ಪೆಟ್ಟಿಗೆ ತೆಗೆದು ಬಟ್ಟೆ ಮಡಚತೊಡಗಿದಳು. ಇಸ್ತ್ರಿಪೆಟ್ಟಿಗೆ ನೀವಿಟ್ಟುಕೊಳ್ಳಿ ಅತ್ತಿಗೆ ಎಂದು ನನಗೆ ಕೊಟ್ಟಳು. ಅವಳು ಹೆದರಿದ ಹಾಗೆ ಕಾಣಲಿಲ್ಲ, ಒಂದು ಥರ ಹಗುರಾಗಿದ್ದಳು. "ಅಮ್ಮ ಬೈತಾಳೆ. ಪೊರಕೆಯಲ್ಲಿ ನಾಲ್ಕು ಬಾರಿಸ್ತಾಳೆ. ಆಮೇಲೆ ಶುಂಠಿ ಅರೆದು ಬಾಣಂತನ ಮಾಡ್ತಾಳೆ" ಎಂದಳು. ನಿಮ್ಮ ಮೇಲೆ ಅಷ್ಟು ನಂಬಿಕೆ ಇತ್ತು ಅವಳಿಗೆ. ನನಗೆ ಹೊಟ್ಟೆಕಿಚ್ಚಾಯಿತು.

ಅಷ್ಟು ಹೊತ್ತಿಗೆ ದ್ವಾನ್ ಅಣ್ಣ ಬಂದರು. ಪೆಟ್ಟಿಗೆ ನೋಡಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಹಿರಿಯರ ಮಾತನ್ನು ಇದ್ದ ಹಾಗೆ ಒಪ್ಪಿಸುವುದು ತಮ್ಮ ಕರ್ತವ್ಯ ಎನ್ನುವಂತೆ ಹೇಳಿದರು: "ಎಲ್ಲಿಗೆ ಹೋಗ್ತೀಯಮ್ಮ? ನಿಮ್ಮಮ್ಮನೇ ಹೇಳಿ ಕಳಿಸಿದ್ದಾರೆ. ಇದ್ರೆ ಅಲ್ಲೇ ತೆಗೆಸು, ಹೊಟ್ಟೆ ಹೊತ್ತವಳು ನನ್ನ ಹೊಸ್ತಿಲು ತುಳೀಬಾರದು ಅಂತ." ಮನೆಯ ಹೆಂಗಸಿಗೆ ಹೇಳಿದ ಮಾತು ಮನೆಯ ಯಾವ ಹೆಂಗಸಿಗಾದರೂ ಸಲ್ಲುತ್ತದೆ ಎಂದು ಅವರ ಲೆಕ್ಕ. ನ್ಯಾನ್ ನನ್ನ ಮುಖ ನೋಡಿದಳು. "ಹೌದಾ ಅತ್ತಿಗೆ, ಅಮ್ಮ ಹಾಗಂದ್ಲಾ?" ಎಂದು ಕೇಳಿದಳು. ಹೌದು ಎಂದೆ. ಅವಳು ಮಡಚಿದ ಬಟ್ಟೆಗಳನ್ನು ಒಂದೊಂದಾಗಿ ಬೀರುವಿಗೆ ವಾಪಸು ಇಟ್ಟಳು. ಮರುದಿನ ಆಸ್ಪತ್ರೆಗೆ ನಡೆದೇ ಹೋದಳು, ನನ್ನನ್ನು ಜೊತೆಗೆ ಕರೆಯಲಿಲ್ಲ. ವಿನ್ ಹಸಿರು ಸಿಪ್ಪೆಯ ಕಿತ್ತಳೆಹಣ್ಣು ಹಿಡಿದು ಹಾಸ್ಟೆಲಿನ ಗೇಟಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ನಿಂತಿದ್ದ. ಗಂಡಸರಿಗೆ ವಾರದ ದಿನ ಪ್ರವೇಶವಿಲ್ಲ ಎಂದು ಕಾವಲಿನವ ಹಣ್ಣನ್ನೂ ಒಳಗೆ ಬಿಡಲಿಲ್ಲ.

ಅವಳು ಕೆಲಸಕ್ಕೆ ಮರಳಿದ ದಿನವೇ ಅವಳ ಹುಟ್ಟಿದಹಬ್ಬ. ನಮಗೆ ನೆನಪಿರಲಿಲ್ಲ, ನಮ್ಮಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಇಲ್ಲಿ ಹುಟ್ಟಿದಹಬ್ಬದವರೇ ಎಲ್ಲರಿಗೂ ಕೇಕು ತಂದು ಹಂಚಬೇಕು. ಕಾಫಿಯ ಹೊತ್ತಿಗೆ ಗೆರ್ಲಿಂಡ್ ಮತ್ತು ಉಳಿದವರು ತಟ್ಟೆ, ಚಮಚ ಜೋಡಿಸಿಕೊಂಡು ಕೇಕಿಗಾಗಿ ಕಾಯುತ್ತಾ ಕೂತರು. ನ್ಯಾನ್ ಬರಿಗೈಯಲ್ಲಿ ನಿಂತಿದ್ದಳು. ನಾನು ಓಡಿ ಹೋಗಿ ಕಾರ್ಖಾನೆಯ ಅಂಗಡಿಯಿಂದ ಒಂದು ಒಣಕಲು ಕೇಕು ತಂದೆ. ಎಲ್ಲರೂ ಅವಳ ಕೈ ಕುಲುಕಿದರು, ಮುಖ ಬಿಳಿಚಿಕೊಂಡಿದೆ, ಚೆನ್ನಾಗಿ ತಿನ್ನು ಎಂದರು. ಆಮೇಲೆ ಗೆರ್ಲಿಂಡ್ ನನ್ನ ಸೌತೆಯ ಜಾಡಿ ನೋಡಿ ಹಳೆಯ ತಮಾಷೆ ತೆಗೆದು, ನನ್ನ ಹೊಟ್ಟೆಯೆಂದುಕೊಂಡು ನ್ಯಾನ್‌ಳ ಹೊಟ್ಟೆ ತಟ್ಟಿದಳು. ನ್ಯಾನ್ ನಕ್ಕಳು. ಉಳಿದವರ ನಗು ನಿಂತ ಮೇಲೂ ಅವಳದು ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು ನಗುತ್ತಲೇ ಇದ್ದಳು, ಕೊನೆಗೆ ನಾನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಯಿಗೆ ಬಟ್ಟೆ ಒತ್ತಬೇಕಾಯಿತು.

ಮೈ ಈಗ ಪರವಾಗಿಲ್ಲ, ಗಾಬರಿಯಾಗಬೇಡಿ. ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ನನ್ನ ಪರೀಕ್ಷೆಯ ಫಲ ನಿಮಗೆ ಬೇಕಾಗಿತ್ತಲ್ಲ. ಏನೂ ಇರಲಿಲ್ಲ. ನಿಮ್ಮ ಮಗನ ಹೆಂಡತಿ ಹೇಗೆ ಬಂದಳೋ ಹಾಗೇ ಇದ್ದಾಳೆ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಮಂಡಿಗೆ ತಣ್ಣೀರು ಸೋಕಿಸಬೇಡಿ.

ಇಂತಿ, ಪೀಠದ ಮೇಲೆ ನೀವಿಟ್ಟ ಫೋಟೋದ ಒಡತಿ,
ಥೊವಾ

ಮ.ಸೂ.: ಲಿಯೆನ್ ಅಕ್ಕನ ರೈಲಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀವು ಕಳಿಸಿದ ಮಾತು ನನ್ನ ಬಗ್ಗೆ ಎಂದು ನ್ಯಾನ್‌ಗೆ ಗೊತ್ತಿಲ್ಲ. ಆವತ್ತು ಅವಳು ಕೇಳಿದಾಗ ನಾನು ಹೌದು ಎಂದೆ, ನೀವು ಹಾಗೆ ಅಂದದ್ದು ನಿಜವೇ. ಯಾರ ಬಗ್ಗೆ ಅಂದಿರಿ ಎಂದು ಹೇಳಿದ್ದರೆ ಅವಳು ಇಷ್ಟು ಹೊತ್ತಿಗೆ ನಿಮ್ಮ ಮಡಿಲಲ್ಲಿ ಇರುತ್ತಿದ್ದಳು, ಮಗುವೂ ಇರುತ್ತಿತ್ತು. ಹೇಳಲಿಲ್ಲ. ಬೊಂಗ್ ತಲೆಯ ಬಿಳಿ ಬಟ್ಟೆ ಕಣ್ಣಮುಂದೆ ಬಂತು. ತನ್ನ ಮಗುವನ್ನು ತನ್ನ ತಾಯಿಯೇ ತೆಗೆಸಿದಳು ಎಂದು ಅವಳು ನಂಬಿದ್ದಾಳೆ. ಆ ಬಟ್ಟೆ ಬಿಚ್ಚಿ, ನನ್ನ ಫೋಟೋ ಇಳಿಸಿ, ಹೊಸ ವರ್ಷದ ತೆತ್ ಹಬ್ಬದೊಳಗೆ ನನ್ನ ಮಗಳನ್ನು ನಮ್ಮಮ್ಮನ ಮನೆಗೆ ಬಿಟ್ಟು ಬನ್ನಿ. ತಲುಪಿದಳೆಂದು ನಮ್ಮಮ್ಮ ಬರೆದ ದಿನ ನ್ಯಾನ್‌ಗೆ ನಿಜ ಹೇಳುತ್ತೇನೆ. ತಡ ಮಾಡಬೇಡಿ ಅತ್ತೆ. ಇವತ್ತು ಬೆಳಿಗ್ಗೆ ನ್ಯಾನ್ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ನಿಮ್ಮ ಫೋಟೋಗೆ ಊದುಬತ್ತಿ ಹಚ್ಚಿದ್ದಾಳೆ.