ಎರಡು ಕಡೆ ಇದ್ದ ಹದಿನಾಲ್ಕು ದಿನ

ರೈಟರಣ್ಣನಿಗೆ,

ಮೊದಲು ನಮಸ್ಕಾರ, ಆಮೇಲೆ ಜಗಳ. ಈ ಲಕೋಟೆಯಲ್ಲಿ ನನ್ನ ಪತ್ರದ ಜೊತೆ ಇನ್ನೊಂದು ಹಾಳೆ ಇದೆ. ಅದು ನಿಮ್ಮದೇ. ಕಳೆದ ಭಾನುವಾರ ನಿಮ್ಮ ಮನೆಯ ಊಟದ ಮೇಜಿನ ಮೇಲೆ ನಡುಗುವ ಕೈಯಲ್ಲಿ ಬರೆದು, ಸಹಿ ಹಾಕಿ, ಬೇಡವೆಂದರೂ ಕೇಳದೆ ನನ್ನ ಬ್ಯಾಗಿಗೆ ತುರುಕಿದ ಹೇಳಿಕೆ. ಅದನ್ನು ವಾಪಸ್ ಕಳಿಸುತ್ತಿದ್ದೇನೆ. ಹರಿದು ಹಾಕೋಣವೆಂದರೆ ನಿಮ್ಮ ಅಕ್ಷರ ನೋಡಿ ಕೈ ಬರಲಿಲ್ಲ. ಪೂರ್ತಿ ಓದುವ ಮೊದಲೇ ಫೋನು ಎತ್ತಿಕೊಂಡು ಬೈಯಲು ಶುರು ಮಾಡಬೇಡಿ. ನಿಮ್ಮ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಗೊತ್ತು. ನನ್ನದೇನೂ ಬಹಳ ದೂರದಲ್ಲಿಲ್ಲ.

ಭಾನುವಾರ ನಾನು ವಿಷಯವನ್ನು ಸರಿಯಾಗಿ ಹೇಳಲೂ ಇಲ್ಲ. ಅರ್ಧ ಹೇಳುವಷ್ಟರಲ್ಲಿ ನೀವು ಪೆನ್ನು ಹುಡುಕಲು ಎದ್ದುಬಿಟ್ಟಿರಿ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಬಡ್ತಿ ಇಲ್ಲ ಎನ್ನುವ ಪತ್ರ ಬಂದದ್ದು ಆಸ್ಪತ್ರೆಯ ಲಾಂಡ್ರಿಗೆ. ಆಪರೇಷನ್ ಕೋಣೆಯ ಹಸಿರು ಬಟ್ಟೆಗಳನ್ನು ಮಡಿಸುತ್ತಿದ್ದೆ, ಆವಿ ಯಂತ್ರ ಬುಸುಗುಡುತ್ತಿತ್ತು, ಕೈ ಒರೆಸಿಕೊಂಡು ಅಲ್ಲೇ ಒಡೆದೆ. ಸೇತುವೆ ಕಟ್ಟುವ ನಮ್ಮ ಮೀಸಲು ಪಡೆಯಲ್ಲಿ ಸಾರ್ಜೆಂಟ್ ದರ್ಜೆಗೆ ಕಡ್ಡಾಯವಾದ ಹದಿನಾಲ್ಕು ದಿನಗಳ ತರಬೇತಿಯನ್ನು ನಾನು ಪೂರೈಸಿದ ದಾಖಲೆ ಇಲ್ಲವಂತೆ. ಆದ್ದರಿಂದ ನನ್ನ ಹೆಸರನ್ನು ಪರಿಗಣಿಸಲಾಗುವುದಿಲ್ಲವಂತೆ. ಬೇಕಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದಂತೆ. ನನಗೆ ಮೊದಲು ನಗು ಬಂತು. ಆ ತರಬೇತಿಯ ಪ್ರಮಾಣಪತ್ರ ಏಳು ವರ್ಷದಿಂದ ನಮ್ಮ ಮನೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಹೊದ್ದು ಮಲಗಿದೆ. ಯಾರೋ ಕಣ್ಣುಮುಚ್ಚಿಕೊಂಡು ಟೈಪ್ ಮಾಡಿದ್ದಾರೆ ಅಂದುಕೊಂಡೆ. ತುಕಡಿಯ ಕಚೇರಿಗೆ ಫೋನು ಮಾಡಿದಾಗ ನಿಮ್ಮ ಕುರ್ಚಿಯಲ್ಲಿ ಈಗ ಕೂತಿರುವವನು ಕಾರಣ ಹೇಳಿದ. ಅಷ್ಟರಲ್ಲಿ ನನ್ನ ನಗು ಎಲ್ಲಿ ಹೋಯಿತೋ.

ನಿಮಗೆ ಆ ದಿನ ನೆನಪಿರುತ್ತದೆ, ಆದರೂ ನನ್ನ ಬಾಯಲ್ಲಿ ಒಮ್ಮೆ ಕೇಳಿ. ಏಳು ವರ್ಷದ ಹಿಂದೆ ತರಬೇತಿಗೆ ನನ್ನ ಹೆಸರು ಬಂದಾಗ ಲಾಂಡ್ರಿ ಮ್ಯಾನೇಜರ್ ರಜೆ ಕೊಡಲಿಲ್ಲ. "ಹೋಗಮ್ಮಾ, ಧಾರಾಳವಾಗಿ ಹೋಗು. ವಾಪಸ್ ಬಂದಾಗ ನಿನ್ನ ಮಷೀನ್ ಮುಂದೆ ಬೇರೆಯವರು ನಿಂತಿರ್ತಾರೆ, ಅಷ್ಟೇ" ಅಂದ. ಮೀಸಲು ಪಡೆಯವರನ್ನು ತುರ್ತು ಕರೆಗೆ ಕರೆದರೆ ಕೆಲಸ ಕೊಟ್ಟವರು ಬಿಡಲೇಬೇಕು. ತರಬೇತಿಗಾದರೆ ಬಿಡುವುದು ಅವರ ಮರ್ಜಿ. ಆಗ ನಮ್ಮ ಮನೆಯವರ ಟೈಲರಿಂಗ್ ಅಂಗಡಿ ಇನ್ನೂ ಹೊಸದು, ನನ್ನ ಸಂಬಳವೇ ಮನೆಗೆ ಆಧಾರ. ತರಬೇತಿ ಬಿಡಬೇಕು, ಇಲ್ಲವೇ ಕೆಲಸ ಬಿಡಬೇಕು. ನಾನು ನಿಮ್ಮ ಕೋಣೆಗೆ ಬಂದು ಎರಡು ಬೀರುಗಳ ನಡುವೆ ನಿಂತೆ. ಎಡಗಡೆಯದರಲ್ಲಿ ಕರೆಯ ಕೆಂಪು ಪುಸ್ತಕ, ಬಲಗಡೆಯದರಲ್ಲಿ ತರಬೇತಿಯ ನೀಲಿ ಪುಸ್ತಕ. ಅದೇ ವಾರ ಎಲ್ಲೋ ಗುಡ್ಡ ಕುಸಿದು ನಮ್ಮ ತುಕಡಿಯ ಅರ್ಧ ಜನರಿಗೆ ರಸ್ತೆ ಬಿಡಿಸಲು ಕರೆ ಬಂದಿತ್ತು. ಆ ಪಟ್ಟಿಯಲ್ಲಿ ನನ್ನದೂ ಒಂದು ಹೆಸರು ಸೇರಿಸಿ, ಮ್ಯಾನೇಜರನಿಗೆ ಒಂದು ಕಾಗದ ಕೊಡಿ ಅಂತ ಕೇಳಿದವಳು ನಾನು. ನಿಮ್ಮ ಬಾಯಿಂದ ಅದು ಬರಲಿಲ್ಲ, ನನ್ನ ಬಾಯಿಂದ ಬಂತು.

ನೀವು ಎದ್ದು ಬಾಗಿಲು ಹಾಕಿದಿರಿ. ಕನ್ನಡಕ ತೆಗೆದು ಒರೆಸಿದಿರಿ, ಹಾಕಿಕೊಂಡಿರಿ, ಮತ್ತೆ ತೆಗೆದಿರಿ. "ಇದು ಸುಳ್ಳು ಅಂತ ಇಬ್ಬರಿಗೂ ಗೊತ್ತಿರ್ಲಿ, ತಂಗಿ" ಅಂದಿರಿ. ಆಮೇಲೆ ಕೆಂಪು ಪುಸ್ತಕ ತೆಗೆದು ಬರೆದಿರಿ. ತರಬೇತಿಗೂ ಕರೆಗೂ ಭತ್ಯೆ ಒಂದೇ ಆದ್ದರಿಂದ ಯಾರ ಜೇಬಿಗೂ ಏನೂ ಬೀಳಲಿಲ್ಲ. ಆದರೆ ಅವತ್ತಿನಿಂದ ಕೆಂಪು ಪುಸ್ತಕದಲ್ಲಿ ನಾನು ಗುಡ್ಡದ ಮಣ್ಣು ಎತ್ತುತ್ತಿದ್ದೆ, ನೀಲಿ ಪುಸ್ತಕದಲ್ಲಿ ಅದೇ ತಾರೀಕುಗಳಲ್ಲಿ ನೂರು ಮೈಲಿ ಆಚೆ ಸೇತುವೆ ಕಟ್ಟುತ್ತಿದ್ದೆ. ಬೀರುಗಳು ಬೇರೆ ಬೇರೆಯಾದ್ದರಿಂದ ಎರಡು ಪುಸ್ತಕದ ನಾವಿಬ್ಬರೂ ಆರು ವರ್ಷ ಸುಖವಾಗಿದ್ದೆವು. ಹೋದ ವರ್ಷ ಹಳೆಯ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರಂತೆ. ಒಬ್ಬಳೇ ಹೆಂಗಸು ಎರಡು ಕಡೆ ಇರುವುದನ್ನು ಅದು ಒಪ್ಪಲಿಲ್ಲ. ಕರೆ ದೊಡ್ಡದು, ತರಬೇತಿ ಚಿಕ್ಕದು ಎಂದು ಲೆಕ್ಕ ಹಾಕಿ ತರಬೇತಿಯನ್ನು ಅಳಿಸಿಹಾಕಿತು. ಕೆಲಸ ಉಳಿಸಿದ ಸಾಲೇ ಈಗ ಬಡ್ತಿಗೆ ಅಡ್ಡ ಬಂದು ಕೂತಿದೆ.

ಇನ್ನೊಂದು ಸಲ ತರಬೇತಿಗೆ ಹೋಗು, ಕಥೆ ಮುಗೀತು ಅಂತ ಯಾರೂ ಹೇಳುವಂತಿಲ್ಲ. ಮೂರು ತಿಂಗಳಲ್ಲಿ ನನಗೆ ನಲವತ್ತೈದು. ಸಾರ್ಜೆಂಟ್ ಆಗದವರು ನಲವತ್ತೈದಕ್ಕೆ ಸಮವಸ್ತ್ರ ಒಪ್ಪಿಸಿ ಮನೆಗೆ ಹೋಗಬೇಕು. ಮುಂದಿನ ತರಬೇತಿ ಅದಾದ ಮೇಲೆ. ಈ ಮೇಲ್ಮನವಿ ಬಿದ್ದುಹೋದರೆ ಹದಿನೆಂಟು ವರ್ಷ ಅಲ್ಲಿಗೆ ಮುಗಿಯಿತು.

ನನಗೆ ಆ ದರ್ಜೆ ಬೇಕು, ರೈಟರಣ್ಣ. ಆಸೆ ಇದೆ ಅಂತ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಲಾಂಡ್ರಿಯಲ್ಲಿ ಜನ ನನ್ನನ್ನು ಮಾತಾಡಿಸುವುದು ಬಟ್ಟೆಯಲ್ಲಿ ಕಲೆ ಉಳಿದಾಗ ಮಾತ್ರ. ಸೇತುವೆಯ ಮೇಲೆ ನಾನು "ಎಡಗಡೆ ತಗ್ಗಿದೆ" ಅಂದರೆ ನಲವತ್ತು ಜನ ನಿಲ್ಲುತ್ತಾರೆ. ಇಂಜಿನಿಯರ್ ಓದಿದವರೂ ಬಗ್ಗಿ ನೋಡುತ್ತಾರೆ. ನಾನು ಕಲಿಸಿದ ಆರು ಜನ ಹುಡುಗಿಯರಿದ್ದಾರೆ, ಕಬ್ಬಿಣದ ಚೌಕಟ್ಟನ್ನು ಹೆಗಲಿಗೆ ಎತ್ತುವಾಗ ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ನನ್ನ ಮುಖ ನೋಡುತ್ತಾರೆ. ಅದನ್ನು ಬಿಟ್ಟು ಮನೆಯಲ್ಲಿ ಕೂರಲು ನನಗೆ ಮನಸ್ಸಿಲ್ಲ.

ಆ ಹದಿನಾಲ್ಕು ದಿನ ನಾನು ಏನು ಕಲಿತೆ ಅಂತ ನಿಮಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ಕೆಂಪು ಪುಸ್ತಕದ ಆ ಸಾಲಿನ ಮಾತು ಬರುತ್ತದೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅಲ್ಲಿ ಚೌಕಟ್ಟುಗಳನ್ನು ಜೋಡಿಸಿ ಉಕ್ಕಿನ ಪಿನ್ನು ತೂರಿಸಬೇಕು. ತೂರಿಸಿದವರು ತಮ್ಮ ನಂಬರು ಕೂಗಬೇಕು. ಕೈಜಾರಿ ಪಿನ್ನು ನೀರಿಗೆ ಬಿದ್ದಿದ್ದರೆ "ನನ್ನದು ಖಾಲಿ" ಅಂತ ಅಷ್ಟೇ ಜೋರಾಗಿ ಕೂಗಬೇಕು. ಖಾಲಿ ಅಂದವರನ್ನು ಯಾರೂ ಬೈಯುತ್ತಿರಲಿಲ್ಲ, ಇನ್ನೊಂದು ಪಿನ್ನು ಕೊಡುತ್ತಿದ್ದರು. ಐದನೇ ದಿನ ಒಬ್ಬ ಖಾಲಿ ತೂತಿಗೆ ನಂಬರು ಕೂಗಿದ. ಒಳ್ಳೆಯ ಕೆಲಸಗಾರ, ನಾಚಿಕೊಂಡು ಹಾಗೆ ಮಾಡಿದ. ಮಧ್ಯಾಹ್ನದೊಳಗೆ ಅವನ ಪೆಟ್ಟಿಗೆ ಗೇಟಿನಾಚೆ ಇತ್ತು. ನಾನು ಹದಿನಾಲ್ಕು ದಿನದಲ್ಲಿ ನಾಲ್ಕು ಸಲ ಖಾಲಿ ಅಂತ ಕೂಗಿದೆ. ಕೊನೆಯ ಪರೀಕ್ಷೆಯಲ್ಲಿ ಮೂರನೆಯವಳಾಗಿ ಬಂದೆ.

ಈಗ ಭಾನುವಾರದ ಮಾತು. ನಿಮ್ಮ ಜೊತೆಗೇ ಇರುವ ನಿಮ್ಮಕ್ಕ ಟೀ ತಂದಿಟ್ಟು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ನೀವು ಲೋಟ ಎತ್ತಲು ಎರಡೂ ಕೈ ಬಳಸುವುದನ್ನು ನಾನು ಮೊದಲ ಸಲ ನೋಡಿದೆ. "ಮೂವತ್ತೊಂದು ವರ್ಷ ಪುಸ್ತಕ ಬರೆದವನು ಒಂದ್ಸಲ ತಪ್ಪಿದ ಅಂದ್ರೆ ಯಾರೂ ಗಲ್ಲಿಗೆ ಹಾಕಲ್ಲ. ನಾನು ರಿಟೈರ್ ಆದೋನು, ನನ್ನದೇನು ಕಿತ್ಕೋತಾರೆ?" ಅಂದಿರಿ. ನಿಮ್ಮಕ್ಕ ನೆಲ ನೋಡಿದರು. ಒಂದು ಸಾಲು ಬರೆಯಲು ನಿಮಗೆ ಐದು ನಿಮಿಷ ಹಿಡಿಯಿತು: ನನ್ನ ಕಣ್ತಪ್ಪಿನಿಂದ ಸದರಿ ಹೆಸರು ಕರೆಯ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಕೆಳಗೆ ಸಹಿ, ತಾರೀಕು, ಪೂರ್ಣ ವಿಳಾಸ.

ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಬಸ್ಸಿನಲ್ಲಿ ಬರುವಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಇಷ್ಟೇ ತಾನೆ, ಒಂದು ಹಾಳೆ, ಕೆಲಸ ಆಯಿತು ಅಂದುಕೊಂಡೆ. ತೋಳಿನ ಮೇಲೆ ಮೂರನೇ ಪಟ್ಟಿ ಹೇಗೆ ಕಾಣುತ್ತದೆಂದು ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ ಕೂಡ. ನಿಮ್ಮ ಬಗ್ಗೆ ಆ ಒಂದು ಗಂಟೆ ನಾನು ಯೋಚಿಸಲೇ ಇಲ್ಲ. ಅದಕ್ಕೆ ಕ್ಷಮೆ ಇರಲಿ.

ಮನೆಗೆ ಬಂದು ನಮ್ಮ ಮನೆಯವರ ಕೈಗೆ ಹಾಳೆ ಕೊಟ್ಟೆ. ಅವರು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದರು. ಓದಿ ನಕ್ಕರು. "ಇವರು ಕಣ್ತಪ್ಪು ಮಾಡ್ತಾರಾ? ನಮ್ಮ ಮದುವೆ ತಾರೀಕನ್ನ ನೀನು ಫಾರಮ್ಮಲ್ಲಿ ಒಂದು ದಿನ ಹಿಂದೆ ಮುಂದೆ ಬರೆದಿದ್ದಕ್ಕೆ ನನ್ನನ್ನ ಅಂಗಡಿಯಿಂದ ಎಬ್ಬಿಸಿ ಕರೆಸಿ ಸರಿ ಮಾಡಿಸಿದ ಮನುಷ್ಯ ಕಣೇ ಇವರು!" ಅಂದರು. ನಾನೂ ನಗಲು ಹೋದೆ, ಆಗಲಿಲ್ಲ. ಹಾಳೆಯನ್ನು ತಿರುಗಿ ಇಸಿದುಕೊಂಡು ಆ ಒಂದು ಪದವನ್ನೇ ನೋಡುತ್ತ ಕೂತೆ. ನಿಮ್ಮದೇನು ಕಿತ್ಕೋತಾರೆ ಅಂತ ಕೇಳಿದಿರಲ್ಲ, ಕಿತ್ತುಕೊಳ್ಳಲು ಇರುವುದು ಇದೇ. ಮೂವತ್ತೊಂದು ವರ್ಷದಲ್ಲಿ ಒಂದೂ ಕಣ್ತಪ್ಪಿಲ್ಲ ಎನ್ನುವ ಹೆಸರು. ತುಕಡಿಯಲ್ಲಿ ಇವತ್ತಿಗೂ ಜಗಳವಾದರೆ "ರೈಟರಣ್ಣ ಬರೆದಿದ್ದಾರಾ? ಹಾಗಾದ್ರೆ ಮುಗೀತು" ಅನ್ನುತ್ತಾರೆ. ಅದನ್ನು ತೆಗೆದುಕೊಂಡು ನನ್ನ ತೋಳಿಗೆ ಹೊಲಿಸಿಕೊಳ್ಳಲೇ? ಆಮೇಲೆ ಆ ಆರು ಹುಡುಗಿಯರಿಗೆ ಪಿನ್ನು ಬಿದ್ದರೆ ಖಾಲಿ ಅಂತ ಕೂಗಿ ಅಂತ ಯಾವ ಬಾಯಲ್ಲಿ ಹೇಳಲಿ?

ಮರುದಿನ ತುಕಡಿಯ ಕ್ಯಾಪ್ಟನ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆತ ಒಳ್ಳೆಯವನೇ, ನನಗಿಂತ ಹದಿನೈದು ವರ್ಷ ಚಿಕ್ಕವನು. ತಲೆ ಕೆರೆದುಕೊಂಡ. "ಅವರ ಹೇಳಿಕೆ ಕೊಟ್ಟುಬಿಡಿ, ಒಂದು ವಾರದಲ್ಲಿ ಬಡ್ತಿ. ನಿಜ ಬರೆದ್ರೆ ಬಡ್ತಿ ಹಾಗಿರ್ಲಿ, ಈಗಿರೋ ಪಟ್ಟಿಗೂ ಕುತ್ತು ಬರಬಹುದು. ಯೋಚನೆ ಮಾಡಿ" ಅಂದ. ಮಾಡ್ತೀನಿ ಅಂದೆ. ಮಾಡಿಯಾಗಿತ್ತು.

ಮೂರು ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಬಟ್ಟೆ ಮಡಿಸುವ ಮೇಜಿನ ಮೇಲೆ ಮೇಲ್ಮನವಿ ಬರೆದೆ. ಮೊದಲನೆಯದು ಅಳುಬುರುಕಿಯ ಅರ್ಜಿಯಂತಿತ್ತು, ಹರಿದೆ. ಎರಡನೆಯದರಲ್ಲಿ ಕಂಪ್ಯೂಟರಿಗೆ ಎರಡು ಪುಟ ಬೈದಿದ್ದೆ, ಅದನ್ನೂ ಹರಿದೆ. ಮೂರನೆಯದು ಒಂದೇ ಪುಟ. ಆ ಹದಿನಾಲ್ಕು ದಿನ ನಾನು ತರಬೇತಿಯಲ್ಲಿದ್ದೆ. ಕರೆಯ ಪುಸ್ತಕದಲ್ಲಿರುವುದು ನಿಜವಲ್ಲ. ಅದನ್ನು ಕೇಳಿ ಬರೆಸಿಕೊಂಡವಳು ನಾನು. ತರಬೇತಿಗೆ ರಜೆ ಸಿಗದೆ ಕೆಲಸ ಹೋಗುವುದಿತ್ತು. ಸುಳ್ಳಿಗೆ ಶಿಕ್ಷೆ ಇದ್ದರೆ ಕೊಡಿ, ತಲೆ ಬಗ್ಗಿಸಿ ತೆಗೆದುಕೊಳ್ಳುತ್ತೇನೆ. ಆದರೆ ಕಲಿತದ್ದನ್ನು ಕಲಿತಿಲ್ಲ ಅನ್ನಬೇಡಿ. ಅನುಮಾನವಿದ್ದರೆ ಯಾವ ದಿನವಾದರೂ, ಯಾವ ನದಿಯ ದಡಕ್ಕಾದರೂ ಕರೆಯಿರಿ, ಕಟ್ಟಿ ತೋರಿಸುತ್ತೇನೆ. ಜೊತೆಗೆ ಪ್ರಮಾಣಪತ್ರ ಇಟ್ಟಿದ್ದೇನೆ, ನನ್ನೊಡನೆ ಒಂದೇ ಡೇರೆಯಲ್ಲಿದ್ದ ಇಬ್ಬರು ಹೆಂಗಸರ ಕಾಗದ ಇಟ್ಟಿದ್ದೇನೆ. ಮ್ಯಾನೇಜರನ ಹತ್ತಿರವೂ ಹೋಗಿದ್ದೆ. ಅವನಿಗೆ ಏನೂ ನೆನಪಿಲ್ಲವಂತೆ. ಮರೆವು ಅವನಿಗೆ ಬೇಕಾದಾಗ ಬರುವ ಕಾಯಿಲೆ.

ನಿಮ್ಮ ಬಗ್ಗೆಯೂ ಬರೆದಿದ್ದೇನೆ. ನೀವು ಬೈಯುವುದು ಇಲ್ಲೇ ಎಂದು ಗೊತ್ತು. ಬರೆದ ಸಾಲುಗಳನ್ನು ಹಾಗೇ ಕೊಡುತ್ತೇನೆ: "ಈ ದಾಖಲೆ ಬರೆದವರು ಮೂವತ್ತೊಂದು ವರ್ಷ ತಪ್ಪಿಲ್ಲದೆ ಬರೆದವರು. ಇದನ್ನೂ ಅವರು ಕಣ್ತಪ್ಪಿನಿಂದ ಬರೆಯಲಿಲ್ಲ. ಇದು ಸುಳ್ಳೆಂದು ನನಗೆ ಹೇಳಿ, ಬಡವಿಯೊಬ್ಬಳ ಕೆಲಸ ಉಳಿಯಲೆಂದು, ತಿಳಿದೇ ಬರೆದರು." ನಿಮ್ಮನ್ನು ಉಳಿಸಲು ಇನ್ನೂ ಸ್ವಲ್ಪ ಮೆತ್ತಗೆ ಬರೆಯಬಹುದಿತ್ತು. ಆದರೆ ಅವತ್ತು ಬಾಗಿಲು ಹಾಕಿ ನನಗೆ ನಿಜ ಹೇಳಿದ ಮನುಷ್ಯನನ್ನು ಕಣ್ಣು ಮಂಜಾದ ಮುದುಕ ಅಂತ ಬರೆಯಲು ನನ್ನಿಂದ ಆಗಲಿಲ್ಲ. ಇದರಿಂದ ನಿಮಗೆ ನೋವಾದರೆ ಅದೂ ನನ್ನ ಮೇಲೆಯೇ ಇರಲಿ. ನಿಮ್ಮಕ್ಕನಿಗೂ ಇದನ್ನು ಓದಿ ಹೇಳಿ.

ತಡೆಯಲು ಬರಬೇಡಿ, ಮೇಲ್ಮನವಿಯನ್ನು ಬುಧವಾರವೇ ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದಿದ್ದೇನೆ. ಈ ಪತ್ರವನ್ನು ಬೇಕೆಂದೇ ಎರಡು ದಿನ ತಡ ಮಾಡಿದೆ. ವಿಚಾರಣೆ ಮುಂದಿನ ತಿಂಗಳು ಎಂಟನೇ ತಾರೀಕು, ಹತ್ತೂವರೆಗೆ. ನಿಮಗೂ ನೋಟಿಸು ಬರುತ್ತದೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂತ ನನ್ನನ್ನು ಕೇಳುತ್ತಾರೆ, ಹೆದರಿಕೊಂಡಿದ್ದೆ ಅನ್ನುತ್ತೇನೆ. ಯಾಕೆ ಬರೆದಿರಿ ಅಂತ ನಿಮ್ಮನ್ನು ಕೇಳುತ್ತಾರೆ, ನಡೆದದ್ದನ್ನು ಹೇಳಿ. ಗೆದ್ದರೆ ಇಬ್ಬರೂ ಸೇರಿ ಗೆಲ್ಲೋಣ, ಬೈಸಿಕೊಂಡರೆ ಇಬ್ಬರೂ ಸೇರಿ ಬೈಸಿಕೊಳ್ಳೋಣ. ಅವರು ಇಲ್ಲ ಅಂದರೂ ನಾನು ಅಲ್ಲಿಗೇ ಬಿಡುವವಳಲ್ಲ, ಅದರ ಮೇಲೂ ಒಂದು ಕಚೇರಿ ಇದೆಯಂತೆ, ವಿಳಾಸ ಬರೆದುಕೊಂಡಿದ್ದೇನೆ.

ಬಸ್ಸು ನಿಲ್ಲುವ ಜಾಗದಿಂದ ವಿಚಾರಣೆ ನಡೆಯುವ ಕಟ್ಟಡಕ್ಕೆ ಮೂವತ್ತೆರಡು ಮೆಟ್ಟಿಲುಗಳಿವೆ, ಹೋಗಿ ನೋಡಿಕೊಂಡು ಬಂದೆ. ಒಂಬತ್ತೂವರೆಯಿಂದ ನಾನು ಕೆಳಗಿನ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ. ನಿಮ್ಮ ಕೈ ನಡುಗಿದರೆ ನನ್ನ ತೋಳು ಹಿಡಿದುಕೊಳ್ಳಿ, ನಿಧಾನವಾಗಿ ಹತ್ತೋಣ.

ನಿಮ್ಮ ಆರೋಗ್ಯ ಗಟ್ಟಿಯಾಗಿರಲಿ, ಕೋಪ ಮಾತ್ರ ಎಂಟನೇ ತಾರೀಕಿನ ತನಕ ಹಾಗೇ ಇರಲಿ. ಒಳಗೆ ಅದು ಬೇಕಾಗಬಹುದು.

ನಿಮ್ಮ ತಂಗಿ,
ಸದ್ಯಕ್ಕೆ ಇನ್ನೂ ಕಾರ್ಪೊರಲ್